ಪ್ಯಾಂಟ್‌ಗೆ ಹೋಗಿ, ಜೆರ್ಸಿಗೆ ಬೇಡ: ಕೌಲ್ ಬಜಾರಿನ ಜೀನ್ಸ್ ಮಾಸ್ಟರ್ ಹೊಲಿದ ಸಾಫ್ಟ್‌ಬಾಲ್ ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ಬಾಲ್ ಆಡುವ ಹುಡುಗಿಯರಿಗೆ ಪ್ಯಾಂಟ್ ಬೇಕಾದರೆ ಇಲ್ಲಿಗೆ ಕಣ್ಣುಮುಚ್ಚಿಕೊಂಡು ಹೋಗಿ. ಜೆರ್ಸಿ ಬೇಕಾದರೆ ಬೇರೆ ಕಡೆ ನೋಡಿಕೊಳ್ಳಿ. ಅವಸರದಲ್ಲಿ ಇರುವವರಿಗೆ ಇಷ್ಟು ಸಾಕು. ಪುರುಸೊತ್ತು ಇರುವವರು ಮುಂದೆ ಓದಿ. ಪ್ಯಾಂಟ್ ವಿಷಯದಲ್ಲಿ ನನಗೆ ಹೇಳುವುದು ಜಾಸ್ತಿಯೇ ಇದೆ.

ಜಾಗ ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿ. ಅಂಗಡಿ ಅಂತ ಬಾಯಿಮಾತಿಗೆ ಕರೆಯುತ್ತೇವೆ ಅಷ್ಟೇ. ಅದು ಮನೆಯ ಕೆಳಗಡೆ ನಡೆಯುವ ಜೀನ್ಸ್ ಯೂನಿಟ್. ಬೋರ್ಡ್ ಇಲ್ಲ. ಬಾಗಿಲ ಮುಂದೆ ಜೀನ್ಸ್ ಚಿಂದಿ ತುಂಬಿದ ಚೀಲಗಳು, ಒಳಗಿನಿಂದ ಮಷೀನ್ ಸದ್ದು, ಅದೇ ಗುರುತು. ಆದರೆ ಆ ಓಣಿಯಲ್ಲಿ ಸುಮಾರು ಮನೆಗಳಿಗೆ ಅದೇ ಗುರುತು. "ಆಟದ ಪ್ಯಾಂಟ್ ಹೊಲಿಯೋ ಮಾಸ್ಟರ್ ಮನೆ ಯಾವುದು" ಅಂತ ಕೇಳಿ, ಈಗ ಯಾರಾದರೂ ತೋರಿಸುತ್ತಾರೆ. ಆ ಹೆಸರು ಅವರಿಗೆ ಬಂದದ್ದು ನಮ್ಮಿಂದ ಅನ್ನುವುದು ನಮ್ಮ ತಂಡದ ಸಣ್ಣ ಜಂಬ.

ಹೊರಗಿನವರು ನಮ್ಮೂರನ್ನು ಗಣಿಯಿಂದ, ಬಿಸಿಲಿನಿಂದ ಗುರುತು ಹಿಡಿಯುತ್ತಾರೆ. ಊರೊಳಗೆ ಎಷ್ಟೋ ಮನೆಗಳ ಒಲೆ ಉರಿಯುವುದು ಮಾತ್ರ ಜೀನ್ಸ್‌ನಿಂದ. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ. ಕಾಜಾ-ಬಟನ್‌ಗೆ ಬೇರೆಯವರು, ವಾಷಿಂಗ್‌ಗೆ ಬೇರೆ ಯೂನಿಟ್. ಉಳಿದ ದಾರ ಕತ್ತರಿಸುವುದು ಮನೆ ಬಾಗಿಲಲ್ಲಿ ಕೂತ ಹೆಂಗಸರ ಕೆಲಸ. ಎಲ್ಲಾ ಪೀಸ್ ಲೆಕ್ಕ. ಒಂದೇ ಅಳತೆಯ ನೂರಾರು ಪೀಸ್ ಹೊಲಿದು ಅಭ್ಯಾಸ ಇರುವವರು ಒಂದು ತಂಡಕ್ಕಾಗುವಷ್ಟು ಪ್ಯಾಂಟ್, ಅದೂ ಒಬ್ಬೊಬ್ಬರಿಗೆ ಒಂದೊಂದು ಅಳತೆ ತೆಗೆದು, ಹೊಲಿದುಕೊಡಲು ಒಪ್ಪುವುದೇ ದೊಡ್ಡ ಮಾತು. ನಾವು ಕೇಳಿದ ಉಳಿದ ಯೂನಿಟ್‌ಗಳವರು ನಮ್ಮ ಮುಖ ನೋಡಿ ನಕ್ಕು ಕಳಿಸಿದ್ದರು.

ನಾನು ಕ್ಯಾಚರ್. ನಮ್ಮ ತಂಡ ಫೀಲ್ಡಿಂಗ್ ಮಾಡುವಷ್ಟು ಹೊತ್ತೂ ಹೋಮ್ ಪ್ಲೇಟ್, ಅಂದರೆ ಬ್ಯಾಟ್ ಮಾಡುವ ಜಾಗದ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿರುವವಳು. ತಂಡದ ಕಿಟ್ ಬ್ಯಾಗ್, ದುಡ್ಡಿನ ಲೆಕ್ಕ, ಬಟ್ಟೆಯ ಆರ್ಡರ್ ಎಲ್ಲ ನನ್ನ ಪಾಲಿಗೇ ಬಂದಿದೆ. ಒಂದು ಪ್ಯಾಂಟ್ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ಕನ್ನಡಿ ಮುಂದೆ ನಿಂತು ನೋಡುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂರುತ್ತೇನೆ, ದಡಕ್ಕನೆ ಎದ್ದು ಸೆಕೆಂಡ್ ಬೇಸ್ (ಓಡುವವರು ಸರದಿಯಲ್ಲಿ ಮುಟ್ಟಬೇಕಾದ ಎರಡನೇ ನಿಲ್ದಾಣ) ಕಡೆ ಎಸೆದಂತೆ ಮಾಡುತ್ತೇನೆ. ಹೋಮ್‌ನಿಂದ ಸೆಕೆಂಡ್ ಬೇಸ್‌ಗೆ ನೇರ ಸುಮಾರು 85 ಅಡಿ. ಬೇಸ್ ಕದಿಯಲು, ಅಂದರೆ ಬ್ಯಾಟಿನ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ, ಓಡುವವಳನ್ನು ಹಿಡಿಯಬೇಕಾದರೆ ಏಳುವುದು, ಎಸೆಯುವುದು ಎರಡೂ ಒಂದೇ ಏಟಿಗೆ ಆಗಬೇಕು. ಆಗ ತೊಡೆಯ ಹತ್ತಿರ ಬಟ್ಟೆ ಹಿಡಿದರೆ ಕಥೆ ಮುಗಿಯಿತು.

ಇದಕ್ಕೂ ಮುಂಚೆ ನಾವು ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದ್ದೆವು. ಯಾರ ಹತ್ತಿರ ಅಂತ ಹೇಳುವುದಿಲ್ಲ, ಎಲ್ಲರೂ ಹೆಚ್ಚೂಕಮ್ಮಿ ಅದನ್ನೇ ಮಾರುತ್ತಾರೆ. ಫೋಟೋ ಕೆಳಗೆ ಹೆಂಗಸರ ಸಾಫ್ಟ್‌ಬಾಲ್ ಪ್ಯಾಂಟ್ ಅಂತ ಬರೆದಿತ್ತು. ಬಂದದ್ದು ಗಂಡಸರ ಕ್ರಿಕೆಟ್ ಪ್ಯಾಂಟ್, ಬೆಳ್ಳಗೆ. ಸೊಂಟಕ್ಕೆ ಸರಿ ಹೋದರೆ ತೊಡೆಗೆ ಬಿಗಿ. ತೊಡೆಗೆ ಸರಿ ಹೋದರೆ ಸೊಂಟದಲ್ಲಿ ಇನ್ನೊಬ್ಬಳು ಹಿಡಿಸುತ್ತಾಳೆ. ಮೊದಲ ಮ್ಯಾಚಿನಲ್ಲೇ ನಾನು ಎದ್ದು ಎಸೆಯುವಾಗ ಸೀಟಿನ ಹೊಲಿಗೆ ಟರ್ ಅಂತು. ಕ್ಯಾಚರ್ ಹಿಂದೆ ಒಂದು ಗೇಣು ದೂರದಲ್ಲಿ ಅಂಪೈರ್ ನಿಂತಿರುತ್ತಾರೆ ಅನ್ನುವುದನ್ನು ಗಮನಿಸಿ. ಉಳಿದ ಇನಿಂಗ್ಸ್ ಎಲ್ಲ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಆಡಿದೆ.

ಇನ್ನು ಮಾಸ್ಟರ್ ವಿಷಯ. ಅವರಿಗೆ ಸಾಫ್ಟ್‌ಬಾಲ್ ಗೊತ್ತಿರಲಿಲ್ಲ. "ಬೇಸ್‌ಬಾಲ್ ಏನಮ್ಮಾ ಇದು?" ಅಂತಲೇ ಶುರು ಮಾಡಿದರು. ಹತ್ತಿರದ ಸಂಬಂಧಿ, ಆದರೆ ಬೇರೆ ಆಟ ಅಂದೆ. ನಮ್ಮದು ಫಾಸ್ಟ್‌ಪಿಚ್. ಪಿಚರ್ ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ, ಕೆಳಗಿನಿಂದಲೇ ಚೆಂಡು ಬಿಡುತ್ತಾಳೆ. ಹೆಂಗಸರ ಆಟದಲ್ಲಿ ಪಿಚರ್‌ಗೂ ಹೋಮ್ ಪ್ಲೇಟ್‌ಗೂ 43 ಅಡಿ ಅಂತರ. ದೊಡ್ಡ ಮಟ್ಟದ ಪಿಚರ್‌ಗಳ ಚೆಂಡು ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಬ್ಯಾಟ್ ಹಿಡಿದವಳಿಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಇನ್ನು ಚೆಂಡು. ಸುತ್ತಳತೆ 12 ಇಂಚು, ಅದರಲ್ಲಿ ಸಾಫ್ಟ್ ಅನ್ನುವುದು ಏನೂ ಇಲ್ಲ. ಒಂದು ಚೆಂಡು ಅವರ ಕೈಗೆ ಕೊಟ್ಟೆ. ಕಟಿಂಗ್ ಟೇಬಲ್ ಮೇಲೆ ಟಕ್ ಟಕ್ ಅಂತ ಬಡಿದು ನೋಡಿ ವಾಪಸ್ ಕೊಟ್ಟರು.

"ಒಲಿಂಪಿಕ್ಸ್‌ನಾಗ ಐತೇನು?"

ಇದಕ್ಕೆ ನೇರ ಉತ್ತರ ಕೊಡುವುದು ಕಷ್ಟ. 1996ರಲ್ಲಿ ಸೇರಿಸಿದರು, 2008ರ ಬೀಜಿಂಗ್ ಆದಮೇಲೆ ತೆಗೆದರು. ಟೋಕಿಯೋಗೆ ವಾಪಸ್ ಬಂತು, ಪ್ಯಾರಿಸ್‌ನಲ್ಲಿ ಮತ್ತೆ ಇಲ್ಲ. 2028ರ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಇದೆ. ಇಷ್ಟನ್ನೂ ಹೇಳಿದೆ.

"ಓ, ನಮ್ಮ ಜೀನ್ಸ್ ಪಾರ್ಕ್ ಇದ್ದಂಗೆ ಅನ್ನು. ಬರ್ತೈತೆ, ಬರ್ತೈತೆ" ಅಂದು ಟೇಪ್ ಕೊರಳಿಗೆ ಹಾಕಿಕೊಂಡರು. ಬಳ್ಳಾರಿಗೆ ಬರುತ್ತದೆ ಅಂತ ಹೇಳುತ್ತಲೇ ಇರುವ ಜೀನ್ಸ್ ಪಾರ್ಕ್ ಅದು.

ಆಟದ ಬಗ್ಗೆ ಅವರು ಕೇಳಿದ್ದು ಅಷ್ಟೇ. ಆಮೇಲೆ ಕೇಳಿದ್ದೆಲ್ಲ ಬಟ್ಟೆಯ ಬಗ್ಗೆ. ಎಲ್ಲಿ ಉಜ್ಜುತ್ತದೆ? ಎಲ್ಲಿ ಎಳೆಯುತ್ತದೆ? ನೆಲಕ್ಕೆ ಮೊದಲು ತಾಗುವುದು ಯಾವ ಜಾಗ? ಕ್ರೀಡಾ ಬಟ್ಟೆ ಮಾರುವವರು ಯಾರೂ ನನಗೆ ಈ ಪ್ರಶ್ನೆ ಕೇಳಿಲ್ಲ. ಅವರು ಕೇಳುವುದು ಎಸ್, ಎಂ, ಎಲ್, ಅಷ್ಟೇ ಅಲ್ವಾ.

ನಾವು ಬಾಯಲ್ಲಿ ವಿವರಿಸಲು ಹೋದೆವು. ಫಸ್ಟ್ ಬೇಸನ್ನು ದಾಟಿ ಓಡಿದರೂ ನಡೆಯುತ್ತದೆ. ಸೆಕೆಂಡ್, ಥರ್ಡ್ ಬೇಸ್‌ಗಳಲ್ಲಿ ಹಾಗಲ್ಲ, ಬೇಸ್ ಮೇಲೇ ನಿಲ್ಲಬೇಕು. ಬೇಸ್‌ನಿಂದ ಬೇಸ್‌ಗೆ 60 ಅಡಿ. ಫಾಸ್ಟ್‌ಪಿಚ್‌ನಲ್ಲಿ ಪಿಚರ್ ಕೈಯಿಂದ ಚೆಂಡು ಬಿಡುವ ತನಕ ಓಡುವವಳು ಬೇಸ್ ಬಿಡುವ ಹಾಗಿಲ್ಲ. ಹಾಗಾಗಿ ಕದಿಯಬೇಕಾದರೆ ಪೂರ್ತಿ ವೇಗದಲ್ಲಿ ಬಂದು, ಕೊನೆಯಲ್ಲಿ ನೆಲಕ್ಕೆ ಬಿದ್ದು ಜಾರಲೇಬೇಕು. ಅವರು ಅರ್ಧಕ್ಕೇ ತಡೆದರು. "ಮಾತು ಬ್ಯಾಡಮ್ಮ. ಹಳೇ ಪ್ಯಾಂಟು ತಗೊಂಬರ್ರಿ. ಚೆನ್ನಾಗಿರೋದು ಬ್ಯಾಡ, ಹರಿದಿದ್ದೇ ಬೇಕು."

ಹರಿದದ್ದಕ್ಕೆ ನಮ್ಮಲ್ಲಿ ಬರವೇ? ಒಂದು ಚೀಲ ತುಂಬಿಸಿಕೊಂಡು ಹೋದೆವು. ಮಾಸ್ಟರ್ ಟೇಬಲ್ ಮೇಲೆ ಕಂದು ಬಣ್ಣದ ಕಾಗದ ಹಾಸಿ ಪ್ಯಾಂಟಿನ ಆಕಾರ ಬರೆದರು. ಒಂದೊಂದೇ ಹರಿದ ಪ್ಯಾಂಟನ್ನು ಅದರ ಮೇಲೆ ಸರಿಯಾಗಿ ಹೊಂದಿಸಿ, ತೂತು ಇದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕುತ್ತಾ ಹೋದರು. ಎಲ್ಲ ಮುಗಿದ ಮೇಲೆ ಆ ಕಾಗದ ನೋಡಿ ನಾವೇ ಬೆರಗಾದೆವು. ಮಂಡಿಯ ಮುಂಭಾಗದಲ್ಲಿ ಗುರುತೇ ಇಲ್ಲ ಅನ್ನಬಹುದು. ಗುರುತೆಲ್ಲ ಎರಡು ಕಡೆ ಗುಂಪಾಗಿ ಬಿದ್ದಿತ್ತು. ಒಂದು, ಎಡಗಾಲಿನಲ್ಲಿ ಮಂಡಿಯ ಕೆಳಗೆ, ಹೊರಮಗ್ಗುಲಿಗೆ. ಇನ್ನೊಂದು, ಸೀಟಿನ ಎಡಭಾಗ. ಬಲಗಡೆಯೂ ಒಂದಿಷ್ಟು ಇದ್ದವು, ಕಡಿಮೆ.

ಆಮೇಲೆ ಯೋಚಿಸಿದರೆ ಸಹಜವೇ. ನಮ್ಮಲ್ಲಿ ಹೆಚ್ಚಿನವರು ಸ್ಲೈಡ್ ಮಾಡುವಾಗ ಎಡಗಾಲು ಒಳಗೆ ಮಡಚಿ ಬಲಗಾಲು ಬೇಸ್ ಕಡೆ ಚಾಚುತ್ತಾರೆ. ಭಾರ ಬೀಳುವುದು ಮಡಚಿದ ಕಾಲಿನ ಹೊರಮಗ್ಗುಲಿಗೆ, ಹಿಂಭಾಗಕ್ಕೆ. ಮಂಡಿ ಊರಿ ಯಾರೂ ಜಾರುವುದಿಲ್ಲ, ಊರಿದರೆ ಮಂಡಿ ಉಳಿಯುವುದೂ ಇಲ್ಲ. ಆದರೆ ನಾವು ಆವರೆಗೆ ದುಡ್ಡು ಕೊಟ್ಟು ತಂದ ಪ್ಯಾಂಟ್‌ಗಳಲ್ಲೆಲ್ಲ ಡಬಲ್ ಬಟ್ಟೆ ಇದ್ದದ್ದು ಮಂಡಿ ಮುಂದೆ. ಆ ಕಾಗದ ಈಗಲೂ ಅವರ ಗೋಡೆಯ ಮೊಳೆಗೆ ನೇತಾಡುತ್ತಿದೆ. ಹೋದವರು ಕೇಳಿ ನೋಡಿ.

ನಮ್ಮ ಗ್ರೌಂಡ್ ಬಗ್ಗೆಯೂ ಒಂದು ಮಾತು ಹೇಳಬೇಕು. ಟಿವಿಯಲ್ಲಿ ತೋರಿಸುವ ಸಾಫ್ಟ್‌ಬಾಲ್ ಮೈದಾನದಲ್ಲೂ ಬೇಸ್‌ಗಳ ಸುತ್ತ ಹುಲ್ಲಿರುವುದಿಲ್ಲ, ಮಣ್ಣೇ. ಆದರೆ ಅದು ನುಣ್ಣಗೆ ಮಾಡಿ ನೀರು ಚಿಮುಕಿಸಿದ ಮಣ್ಣು. ನಮ್ಮದು ಗರಸು. ಮಾರ್ಚ್ ಕಳೆದರೆ ಅದು ಕಾಂಕ್ರೀಟಿನ ತಮ್ಮ. ಸ್ಲೈಡ್ ಹೊಡೆದು ಎದ್ದರೆ ತೊಡೆಯ ಮೇಲೆ ಅಂಗೈಯಗಲ ಚರ್ಮ ತರಚಿ ಕೆಂಪಗೆ ಕೂತಿರುತ್ತದೆ. ಅದರ ಮೇಲೆ ಬೆವರು ಇಳಿದಾಗ ಹೇಗಿರುತ್ತದೆ ಅಂತ ನಮ್ಮ ಶಾರ್ಟ್‌ಸ್ಟಾಪ್ ಹುಡುಗಿಯನ್ನು ಕೇಳಿ. ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಟ್ಟೆ ಯಾವುದು ಅನ್ನುವಲ್ಲಿ ಸ್ವಲ್ಪ ಎಳೆದಾಟ ಆಯಿತು. ಮಾಸ್ಟರ್‌ಗೆ ಸ್ಟ್ರೆಚ್ ಜೀನ್ಸ್ ಬಟ್ಟೆಯಲ್ಲೇ ಹೊಲಿಯುವ ಆಸೆ. ಕೈಗೆ ಸುಲಭವಾಗಿ ಸಿಗುವುದು ಅದೇ. ಆದರೆ ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಜೀನ್ಸ್ ಹಾಕಿಕೊಂಡು ಏಳು ಇನಿಂಗ್ಸ್ ಆಡುವವರು ಯಾರು? ನಾವು ಬೆಳಗಿನ ಜಾವಕ್ಕೆ ಪ್ರಾಕ್ಟೀಸ್ ಶುರು ಮಾಡಿ, ಕೋಟೆ ಗುಡ್ಡದ ಬಂಡೆಗಳು ಕಾಯುವ ಮುಂಚೆ ಮುಗಿಸಿ, ಒಗ್ಗರಣೆ-ಮಿರ್ಚಿ ತಿಂದು ಮನೆ ಸೇರುವವರು. ಕೊನೆಗೆ ಒಪ್ಪಂದ ಆಯಿತು. ಪ್ಯಾಂಟ್ ಪೂರ್ತಿ ಎಳೆದರೆ ಹಿಗ್ಗುವ ಪಾಲಿಯೆಸ್ಟರ್ ನಿಟ್ ಬಟ್ಟೆ. ಉಜ್ಜುವ ಜಾಗಕ್ಕೆ ಮಾತ್ರ ತೆಳ್ಳಗಿನ ಸ್ಟ್ರೆಚ್ ಜೀನ್ಸ್ ತುಂಡು, ಮೇಲಿನಿಂದ.

ಮೊದಲ ಸ್ಯಾಂಪಲ್ ಕೆಟ್ಟಿತು. ಹೊಲಿಗೆ ನೋಡಲು ಚೆನ್ನಾಗಿಯೇ ಇತ್ತು. ಮಾಸ್ಟರ್ ಅದನ್ನು ಟ್ಯೂಬ್‌ಲೈಟ್‌ಗೆ ಹಿಡಿದು ಎರಡೂ ಕೈಯಲ್ಲಿ ಎಳೆದರು. ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ತೂತು, ಬೆಳಕು ಸೂಸುತ್ತಿತ್ತು. ಜೀನ್ಸ್ ಸೂಜಿ ದಪ್ಪ, ಮೊನೆ ಚೂಪು. ಗಟ್ಟಿ ಬಟ್ಟೆಗೆ ಅದೇ ಬೇಕು. ನಿಟ್ ಬಟ್ಟೆಗೆ ಆ ಸೂಜಿ ಹಾಕಿದರೆ ನೂಲನ್ನೇ ಕತ್ತರಿಸಿಕೊಂಡು ಹೋಗುತ್ತದೆ. ನಾವು ಏನೂ ಹೇಳುವ ಮುಂಚೆಯೇ ಸ್ಯಾಂಪಲ್ಲನ್ನು ಚಿಂದಿ ಚೀಲಕ್ಕೆ ಎಸೆದು, ಹುಡುಗನನ್ನು ಕಳಿಸಿ ಮೊನೆ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ ತರಿಸಿದರು. ಅದು ನೂಲನ್ನು ಕಡಿಯದೆ ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ. ಆ ಸ್ಯಾಂಪಲ್ಲಿಗೆ ದುಡ್ಡು ತಗೊಳ್ಳಲಿಲ್ಲ. ನನ್ನ ಮಟ್ಟಿಗೆ ಈ ಯೂನಿಟ್‌ಗೆ ಪೂರ್ತಿ ಅಂಕ ಬಿದ್ದದ್ದು ಅಲ್ಲೇ.

ಈಗ ಸೀಟಿನ ಹೊಲಿಗೆ, ಅಂದರೆ ನನ್ನ ಸ್ವಂತ ಸಮಸ್ಯೆ. ಮನೆಯ ಹೊಲಿಗೆ ಮಷೀನಿನಲ್ಲಿ ಬರುವಂಥ ಸಾದಾ ಹೊಲಿಗೆಗೆ ಹಿಗ್ಗುವ ಗುಣ ಕಡಿಮೆ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಕೂತಾಗ ದಾರ ಕಡಿಯುತ್ತದೆ. ಜೀನ್ಸ್‌ನವರ ಹತ್ತಿರ ಫೀಡ್ ಆಫ್ ದಿ ಆರ್ಮ್ ಅನ್ನುವ ಮಷೀನ್ ಇರುತ್ತದೆ. ಜೀನ್ಸ್ ಕಾಲಿನ ಹೊಲಿಗೆಯಲ್ಲಿ ಎರಡು ಸಾಲು ಕಾಣುತ್ತದಲ್ಲ, ಅಂಚು ಒಳಗೆ ಮಡಚಿಕೊಂಡು, ಅದನ್ನು ಹೊಲಿಯುವುದು ಅದೇ. ಅದು ಹಾಕುವುದು ಚೈನ್ ಹೊಲಿಗೆ. ಒಳಗಡೆ ದಾರ ಕುಣಿಕೆ ಕುಣಿಕೆಯಾಗಿ ಕೂರುವುದರಿಂದ ಎಳೆದರೆ ಕೊಂಚ ಬಿಟ್ಟುಕೊಡುತ್ತದೆ. ಜೊತೆಗೆ ತೊಡೆ ಸಂದಿಯಲ್ಲಿ ನಾಲ್ಕು ಹೊಲಿಗೆ ಬಂದು ಒಂದೇ ಕಡೆ ಸೇರುವ ಬದಲು, ವಜ್ರದ ಆಕಾರದ ಒಂದು ಎಕ್ಸ್ಟ್ರಾ ತುಂಡು ಕೂರಿಸಿದರು. ಅಲ್ಲೇ ಕಟಿಂಗ್ ಟೇಬಲ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಎದ್ದೆ, ಮತ್ತೆ ಕೂತೆ. ಎಲ್ಲೂ ಹಿಡಿಯಲಿಲ್ಲ.

ಚೈನ್ ಹೊಲಿಗೆಗೆ ಒಂದು ಕೆಟ್ಟ ಗುಣ ಇದೆ, ಅದನ್ನೂ ಹೇಳಬೇಕು. ಅಕ್ಕಿ ಚೀಲದ ಬಾಯಿ ಬಿಚ್ಚುವಾಗ ಸರಿಯಾದ ತುದಿ ಸಿಕ್ಕಿದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದಲ್ಲ, ಅದೂ ಚೈನ್ ಹೊಲಿಗೆಯೇ. ನಮ್ಮ ಲೆಫ್ಟ್ ಫೀಲ್ಡರ್ ಪಾದದ ಹತ್ತಿರ ನೇತಾಡುತ್ತಿದ್ದ ದಾರ ಎಳೆದು ಮಂಡಿ ತನಕ ಬಿಚ್ಚಿಕೊಂಡಳು. ತೆಗೆದುಕೊಂಡು ಹೋದಾಗ ಮಾಸ್ಟರ್ ಅದನ್ನು ಸರಿ ಮಾಡಿದ್ದಲ್ಲದೆ, ಎಲ್ಲರ ಪ್ಯಾಂಟೂ ವಾಪಸ್ ತರಿಸಿ ಹೊಲಿಗೆಯ ಪ್ರತಿ ತುದಿಗೂ ಬಾರ್‌ಟ್ಯಾಕ್ ಹಾಕಿಕೊಟ್ಟರು. ಜೀನ್ಸ್ ಜೇಬಿನ ಮೂಲೆಯಲ್ಲಿ ಒತ್ತೊತ್ತಾಗಿ ಒಂದು ಸಣ್ಣ ಗೆರೆ ಇರುತ್ತದಲ್ಲ, ಅದೇ. ನೀವು ಹೊಲಿಸುವಾಗ ಮೊದಲೇ ಕೇಳಿಬಿಡಿ, ಎರಡು ಸಲ ಓಡಾಡುವುದು ತಪ್ಪುತ್ತದೆ.

ಜೀನ್ಸ್ ತುಂಡಿನದು ಇನ್ನೊಂದು ಫಜೀತಿ. ಎರಡನೇ ಸ್ಯಾಂಪಲ್ಲಿಗೆ ಹಾಕಿದ್ದು ವಾಷ್ ಆಗದ ಹೊಸ ಬಟ್ಟೆಯ ತುಂಡು. ಮನೆಯಲ್ಲಿ ಒಗೆದರೆ ಬಕೆಟ್ ತುಂಬಾ ನೀಲಿ. ಪಕ್ಕದ ಬಿಳಿ ಪೈಪಿಂಗ್ (ಅಂಚಿನ ಪಟ್ಟಿ) ಕೂಡ ನೀಲಿ ತಿರುಗಿತು. ಇಂಡಿಗೋ ಬಣ್ಣ ನೂಲಿನ ಮೇಲ್ಮೈಯಲ್ಲೇ ಕೂತಿರುತ್ತದೆ, ಒಗೆದಾಗ, ಉಜ್ಜಿದಾಗ ಬಿಡುತ್ತದೆ. ಜೀನ್ಸ್‌ಗೆ ಆ ಮಾಸಿದ ಲುಕ್ ಬರುವುದೇ ಅದರಿಂದ. ಆಮೇಲೆ ವಾಷಿಂಗ್‌ಗೆ ಹೋಗಿ ಬಂದ ರಿಜೆಕ್ಟ್ ಪೀಸ್‌ಗಳಿಂದ ತುಂಡು ಕತ್ತರಿಸಿ ಹಾಕಿದರು. ಈಗ ಬಣ್ಣ ಬಿಡುತ್ತಿಲ್ಲ, ಮೆತ್ತಗೂ ಇದೆ. ತುಂಡು ಎರಡೂ ಕಾಲಿಗೆ ಇದೆ. ಕೆಲವರು ಬಲಗಾಲು ಮಡಚುವವರು ಅನ್ನುವುದು ಒಂದು ಕಾರಣ. ತಂಡದ ಎಲ್ಲರ ಬಟ್ಟೆ ಬಣ್ಣದಲ್ಲಿ, ಮಾದರಿಯಲ್ಲಿ ಒಂದೇ ಥರ ಇರಬೇಕು ಅನ್ನುವ ನಿಯಮ ಇನ್ನೊಂದು. ಒಬ್ಬಳಿಗೆ ಎಡಕ್ಕೆ, ಇನ್ನೊಬ್ಬಳಿಗೆ ಬಲಕ್ಕೆ ಅಂತ ಹಾಕಿಸಿದರೆ ಅಂಪೈರ್ ಹತ್ತಿರ ವಾದ ಮಾಡಬೇಕಾಗುತ್ತದೆ. ಒಂದು ಸಣ್ಣ ತಕರಾರು ಮಾತ್ರ ಉಳಿದಿದೆ. ನನ್ನ ಲೆಗ್ ಗಾರ್ಡ್ ಪಟ್ಟಿಯ ಕೊಕ್ಕೆ ಆ ತುಂಡಿನ ಅಂಚಿಗೆ ಆಗಾಗ ಸಿಕ್ಕಿಕೊಳ್ಳುತ್ತದೆ. ಬೇರೆ ಯಾರಿಗೂ ಈ ತೊಂದರೆ ಇಲ್ಲ.

ನಮ್ಮ ಪಿಚರ್ ಈ ಎಲ್ಲ ಹೊತ್ತೂ ಒಂದು ಮೂಲೆಯಲ್ಲಿ ಸುಮ್ನೆ ಕೂತಿದ್ದಳು. ಅವಳ ಸ್ವಭಾವವೇ ಹಾಗೆ. ಅಳತೆಗೆ ಕರೆದಾಗ ಒಂದೇ ಮಾತು ಹೇಳಿದಳು: "ಸೈಡಲ್ಲಿ ಏನೂ ಇರಬಾರದು." ಮಾಸ್ಟರ್‌ಗೆ ಅರ್ಥ ಆಗಲಿಲ್ಲ. ಎದ್ದು ನಿಂತು ಕೈ ಸುತ್ತಿಸಿ ತೋರಿಸಿದಳು. ಚೆಂಡು ಬಿಡುವ ಕ್ಷಣದಲ್ಲಿ ಅವಳ ಬಲಗೈ, ಮೊಣಕೈಯಿಂದ ಕೆಳಗಿನ ಭಾಗ, ಸೊಂಟದ ಪಕ್ಕಕ್ಕೆ ಸವರಿಕೊಂಡೇ ಹೋಗುತ್ತದೆ. ಅಲ್ಲಿ ಜೀನ್ಸ್ ಥರ ದಪ್ಪ ಹೊಲಿಗೆ ಇದ್ದರೆ, ಜೇಬಿನ ಬಾಯಿ ಇದ್ದರೆ, ರಿವೆಟ್ ಇದ್ದರೆ, ಪ್ರತಿ ಎಸೆತಕ್ಕೂ ಚರ್ಮ ಸವೆಯುತ್ತದೆ. ಜಪಾನಿನ ಯುಕಿಕೊ ಉಯೆನೊ 2008ರ ಒಲಿಂಪಿಕ್ಸ್‌ನಲ್ಲಿ ಎರಡೇ ದಿನದಲ್ಲಿ 413 ಚೆಂಡು ಎಸೆದು ಅಮೆರಿಕವನ್ನು ಸೋಲಿಸಿ ಚಿನ್ನ ತಂದುಕೊಟ್ಟಳು. ಅಷ್ಟೂ ಸಲ ಅದೇ ಕೈ, ಅದೇ ಸೊಂಟದ ಪಕ್ಕ. ನಮ್ಮವಳು ಅಷ್ಟು ಎಸೆಯುವುದಿಲ್ಲ ನಿಜ, ಆದರೆ ಟೂರ್ನಮೆಂಟ್ ಇದ್ದರೆ ಎರಡನೇ ಪಿಚರ್ ಇಲ್ಲದ ತಂಡದಲ್ಲಿ ಒಬ್ಬಳೇ ಎಷ್ಟು ಎಸೆಯಬೇಕು ಅನ್ನುವುದು ನಮಗೆ ಗೊತ್ತು.

ಮಾಸ್ಟರ್ ಅವಳಿಗೆ ಇನ್ನೊಂದು ಸಲ ಸುತ್ತಿಸು ಅಂದರು. ಈ ಸಲ ಅವಳ ಒಳಗೈಗೆ ಸೀಮೆಸುಣ್ಣ ಬಳಿದಿದ್ದರು. ಸುತ್ತಿಸಿದಾಗ ಪ್ಯಾಂಟಿನ ಮೇಲೆ ಬಿಳಿ ಗೆರೆ ಬಿತ್ತು. ಸರಿಯಾಗಿ ಸೈಡ್ ಹೊಲಿಗೆಯ ಮೇಲೆ. ಹಾಗಾಗಿ ನಮ್ಮೆಲ್ಲರ ಪ್ಯಾಂಟಿನ ಸೈಡ್ ಹೊಲಿಗೆ ಮಾಮೂಲಿ ಜಾಗದಲ್ಲಿ ಇಲ್ಲ, ಒಂದಿಂಚು ಹಿಂದಕ್ಕೆ ಸರಿದಿದೆ. ಸೈಡ್ ಜೇಬಿಲ್ಲ. ಹಿಂದೆ ಒಂದೇ ಜೇಬು, ಬ್ಯಾಟಿಂಗ್ ಗ್ಲೌಸ್ ಇಡುವಷ್ಟು. ಹೆಣ್ಣುಮಕ್ಕಳ ಪ್ಯಾಂಟಿಗೆ ಜೇಬೇ ಬೇಡ ಅನ್ನುವವರ ಕಾಲದಲ್ಲಿ ಒಂದಾದರೂ ಸಿಕ್ಕಿತಲ್ಲ.

ಅಳತೆ ತೆಗೆಯುವುದು ಮಾಸ್ಟರ್ ಅಲ್ಲ. ಅಲ್ಲೇ ಓವರ್‌ಲಾಕ್ ಮಷೀನಿನಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಪರದೆ ಹಿಂದೆ ಕರೆದುಕೊಂಡು ಹೋಗಿ ತೆಗೆಯುತ್ತಾರೆ. ಮಾಸ್ಟರ್ ಈಚೆ ಕೂತು ಅವರು ಕೂಗಿ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಸಣ್ಣ ವಿಷಯ ಅನಿಸಬಹುದು, ಹುಡುಗಿಯರ ಅಮ್ಮಂದಿರಿಗೆ ಇದು ದೊಡ್ಡ ವಿಷಯ. ಬಣ್ಣದ ತೀರ್ಮಾನ ಮಾಡಿದ್ದೂ ಅದೇ ಅಕ್ಕ. ನಮ್ಮ ಕೋಚ್ ಬಿಳಿ ಅಂತ ಬರೆದುಕೊಟ್ಟಿದ್ದರು. "ಬಿಳೀದು ಯಾಕವ್ವಾ? ತಿಂಗಳ ದಿನದಾಗ ಆಡಾಕ ಹೋಗೋರು ನೀವೋ, ನಿಮ್ಮ ಸಾರೋ?" ಅಂತ ನೇರವಾಗಿ ಕೇಳಿದರು. ನಮಗೆಲ್ಲ ಮನಸ್ಸಿನಲ್ಲಿ ಇದ್ದದ್ದು, ಬಾಯಿಗೆ ಬಾರದ್ದು ಅದೇ. ವಿಂಬಲ್ಡನ್‌ನಂಥ ಕಡೆಯೇ 2023ರಲ್ಲಿ ಹೆಂಗಸರಿಗೆ ಬಿಳಿ ಸ್ಕರ್ಟ್ ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಲು ಬಿಟ್ಟರು. ಬಳ್ಳಾರಿಯ ಗರಸಿನ ಮೇಲೆ ಜಾರುವವರಿಗೆ ಬಿಳಿ ಪ್ಯಾಂಟ್ ಯಾಕೆ? ನೇವಿ ಬ್ಲೂ ಆಯಿತು. ಅಕ್ಕ ಸೀಟಿಗೆ ಒಳಗಡೆಯಿಂದ ಇನ್ನೊಂದು ಪದರ ಬಟ್ಟೆಯನ್ನೂ ಹಾಕಿಸಿದರು. ಕೋಚ್ ಏನೂ ಅನ್ನಲಿಲ್ಲ.

ಇಷ್ಟು ಹೊಗಳಿದ ಮೇಲೆ ಜೆರ್ಸಿ ವಿಷಯಕ್ಕೆ ಬರುತ್ತೇನೆ. ಬೇಡ. ದಯವಿಟ್ಟು ಬೇಡ. ಅವರು ಜೆರ್ಸಿ ಹೊಲಿಯುತ್ತಾರೆ, ಪ್ರಿಂಟಿಂಗ್ ಬೇರೆಯವರಿಗೆ ಕೊಡುತ್ತಾರೆ. ಹಾಳಾಗುವುದು ಅಲ್ಲಿ. ನಂಬರ್ ಅನ್ನು ಮೇಲಿನಿಂದ ಬಿಸಿ ಒತ್ತಿ ಅಂಟಿಸಿದ್ದರು. ನಮ್ಮ ಬಿಸಿಲಿಗೆ, ಬೆವರಿಗೆ, ಒಗೆತಕ್ಕೆ ಮೂಲೆಗಳು ಎದ್ದವು. ನಮ್ಮ ಫಸ್ಟ್ ಬೇಸ್ ಹುಡುಗಿ 18 ಅಂತ ಇದ್ದವಳು 13 ಆಗಿ ಆಡಿದಳು. ಒಂದು ತಂಡದಲ್ಲಿ ಒಂದೇ ನಂಬರ್ ಇಬ್ಬರಿಗೆ ಇರುವ ಹಾಗಿಲ್ಲ, ನಮ್ಮಲ್ಲಿ 13 ಮೊದಲೇ ಒಬ್ಬಳಿದ್ದಳು. ಇನ್ನು ನಂಬರಿನ ಗಾತ್ರ. ಬೆನ್ನಿನ ಮೇಲಿನ ಅಂಕಿ ಕನಿಷ್ಠ 15.2 ಸೆಂಟಿಮೀಟರ್ ಎತ್ತರ ಇರಬೇಕು. ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಬಂದಮೇಲೆ ಸ್ಕೇಲ್ ಇಟ್ಟರೆ ಗಿಡ್ಡ. "ಪ್ರಿಂಟಿಂಗ್‌ನವನು ಅಂದಾಜಿನ ಮೇಲೆ ಹಾಕ್ಯಾನಮ್ಮ" ಅಂದರು ಮಾಸ್ಟರ್. ಪ್ಯಾಂಟಿನ ವಿಷಯದಲ್ಲಿ ಅರ್ಧ ಇಂಚು ಬಿಡದವರು ಜೆರ್ಸಿಗೆ ಬಂದಾಗ ಅಂದಾಜು ಅಂದದ್ದು ನನಗೆ ಸರಿ ಕಾಣಲಿಲ್ಲ. ಅರ್ಧ ದುಡ್ಡು ಬಿಟ್ಟುಕೊಟ್ಟರು ಅನ್ನುವುದನ್ನೂ ಹೇಳಬೇಕು. ಜೆರ್ಸಿಗೆ ಸಬ್ಲಿಮೇಷನ್ ಮಾಡುವವರನ್ನೇ ಹುಡುಕಿ. ಅದರಲ್ಲಿ ಬಣ್ಣ ಪಾಲಿಯೆಸ್ಟರ್ ನೂಲಿನ ಒಳಗೇ ಇಳಿಯುತ್ತದೆ, ಸುಲಿಯುವ ಮಾತೇ ಇಲ್ಲ. ಹಾಗೇ ಜೆರ್ಸಿಗೆ ಆ ಮಿಂಚುವ ಹಳದಿ ಬೇಡ ಅಂತ ನಿಮ್ಮ ಹುಡುಗಿಯರಿಗೆ ಹೇಳಿ. ಚೆಂಡಿನದ್ದೂ ಅದೇ ಬಣ್ಣ. ನಮ್ಮಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಗಿತ್ತು.

ಸ್ಲೈಡಿಂಗ್ ಶಾರ್ಟ್ಸ್, ಅಂದರೆ ಒಳಗೆ ಹಾಕಿಕೊಳ್ಳುವ, ತೊಡೆ ಪಕ್ಕ ಪ್ಯಾಡ್ ಇರುವ ಚಡ್ಡಿ, ಕೇಳಿದೆವು. "ನಮಗೆ ಬರಂಗಿಲ್ಲ" ಅಂದುಬಿಟ್ಟರು. ಬಾರದ್ದನ್ನು ಬರುವುದಿಲ್ಲ ಅನ್ನುವವರು ಈಗ ಕಡಿಮೆ.

ದುಡ್ಡು. ಬಟ್ಟೆ, ಜೀನ್ಸ್ ತುಂಡು, ಹೊಲಿಗೆ ಎಲ್ಲ ಸೇರಿ ಒಂದು ಪ್ಯಾಂಟಿಗೆ 550 ರೂಪಾಯಿ ತೆಗೆದುಕೊಂಡರು. ಆನ್‌ಲೈನ್ ಪ್ಯಾಂಟಿಗೆ ಕೊಟ್ಟದ್ದು ಇದಕ್ಕಿಂತ ಜಾಸ್ತಿ. ಅರ್ಧ ಅಡ್ವಾನ್ಸ್ ಕೊಡಬೇಕು. ಬಿಲ್ ಬೇಕಾದರೆ ಮೊದಲೇ ಹೇಳಿ, ಕೈಯಲ್ಲಿ ಬರೆದ ಚೀಟಿಯನ್ನು ಕಾಲೇಜಿನವರು ಒಪ್ಪುವುದಿಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ. ಇದು ಖಚಿತ. ಕರೆಂಟ್ ಹೋಯಿತು, ಕಾಜಾದವನು ಬರಲಿಲ್ಲ, ಊರಲ್ಲಿ ಜಾತ್ರೆ ಇತ್ತು, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಟೂರ್ನಮೆಂಟ್ ತಾರೀಖಿಗಿಂತ ಒಂದು ವಾರ ಮುಂಚಿನ ದಿನವನ್ನೇ ಅವರಿಗೆ ಹೇಳಿ. ಫೋನ್ ಎತ್ತುವುದಿಲ್ಲ, ಮಷೀನ್ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ಹೋಗಿ ಎದುರಿಗೆ ನಿಂತರೆ ಕೆಲಸ ಆಗುತ್ತದೆ, ಚಹಾ ಕೂಡ ಬರುತ್ತದೆ.

ಅದೇ ಓಣಿಯ ತಿರುವಿನಲ್ಲಿ ಮರದ ಕೆಳಗೆ ಚಪ್ಪಲಿ ಹೊಲಿಯುವ ಅಜ್ಜ ಒಬ್ಬರು ಕೂರುತ್ತಾರೆ. ಪಿಚರ್ ಇರುವ ತಂಡದವರು ಅವರನ್ನೂ ನೋಡಿಕೊಂಡು ಬನ್ನಿ. ಚೆಂಡು ಎಸೆಯುವಾಗ ಪಿಚರ್ ಹಿಂದಿನ ಕಾಲನ್ನು ನೆಲಕ್ಕೆ ಎಳೆದುಕೊಂಡು ಬರುತ್ತಾಳೆ, ಹಾಗಾಗಿ ಆ ಶೂ ಹೆಬ್ಬೆರಳಿನ ಹತ್ತಿರ ಬೇಗ ತೂತು ಬೀಳುತ್ತದೆ. ಇನ್ನೊಂದು ಶೂ ಹೊಸದಾಗಿಯೇ ಇರುತ್ತದೆ. ಅಜ್ಜ ಸ್ಕೂಟರ್ ಟೈರಿನ ತುಂಡು ಕೆತ್ತಿ ಮುಂಭಾಗಕ್ಕೆ ಅಂಟಿಸಿ, ಸುತ್ತ ಹೊಲಿದುಕೊಟ್ಟರು. ನೋಡಲು ಚೆನ್ನಾಗಿಲ್ಲ, ಆದರೆ ಒಂದು ಸೀಸನ್ ಪೂರ್ತಿ ಬಂತು. ನನ್ನ ಮಿಟ್‌ನ, ಅಂದರೆ ಕ್ಯಾಚರ್ ಗ್ಲೌಸ್‌ನ, ಕಿತ್ತುಹೋದ ಚರ್ಮದ ದಾರವನ್ನೂ ಅವರೇ ಬದಲಿಸಿದರು. ಮಿಟ್ ಯಾವ ಆಟದ್ದು ಅಂತ ಅವರು ಕೇಳಲೇ ಇಲ್ಲ.

ಯಾವಾಗ ಹೋಗಬೇಕು ಅನ್ನುವುದಾದರೆ, ದಸರಾ, ದೀಪಾವಳಿ ಹತ್ತಿರ ಇರುವಾಗ ಹೋಗಬೇಡಿ. ಆಗ ಜೀನ್ಸ್ ಆರ್ಡರ್ ತುಂಬಿರುತ್ತದೆ, ನಿಮ್ಮ ಪ್ಯಾಂಟ್ ಮೂಲೆಗೆ ಬೀಳುತ್ತದೆ. ಹಬ್ಬ ಮುಗಿದ ಮೇಲೆ ಹೋಗಿ. ಸಂಜೆ ಹೊತ್ತು ಹೋದರೆ ಅಳತೆ ತೆಗೆಯುವ ಅಕ್ಕ ಮನೆಗೆ ಹೋಗಿರುತ್ತಾರೆ, ಬೆಳಗ್ಗೆಯೇ ಹೋಗಿ. ಬೈಕ್ ಅನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ಓಣಿಯೊಳಗೆ ತಿರುಗಿಸಲು ಜಾಗ ಇಲ್ಲ. ಮತ್ತೆ ನಿಮ್ಮ ತಂಡದ ಹರಿದ ಪ್ಯಾಂಟ್‌ಗಳನ್ನು ಒಗೆದು ತೆಗೆದುಕೊಂಡು ಹೋಗಿ. ನಾವು ಒಗೆಯದೆ ಒಯ್ದಾಗ ಅಕ್ಕ ಮೂಗು ಮುಚ್ಚಿಕೊಂಡು ಬೈದಿದ್ದರು.